ಕುಣಿವ ಕಾಲು, ಕಾಣದ ಹೊಟ್ಟೆ

ಪ್ರತಿ ವರ್ಷ ದಸರಾ ಹತ್ತಿರ ಬಂದಾಗ ನಮ್ಮ ಪತ್ರಿಕೆಗಳಲ್ಲಿ ಆನೆಗಳ ತೂಕ ಅಚ್ಚಾಗುತ್ತದೆ. ಕಾಡಿನಿಂದ ಮೈಸೂರಿಗೆ ಬಂದ ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸುತ್ತಾರೆ. ಅಂಬಾರಿ ಹೊರುವ ಆನೆ 5 ಸಾವಿರ ಕೆ.ಜಿ. ದಾಟಿತೆ, ಬಂದಾಗಿನಿಂದ ಎಷ್ಟು ಹೆಚ್ಚಾಯಿತು ಅಂತ ಬರೆಯುತ್ತಾರೆ. ಉದ್ದಿನಕಾಳು, ಹೆಸರುಕಾಳು, ಕುಸುಬಲಕ್ಕಿ, ತರಕಾರಿ, ಬೆಣ್ಣೆ ಸೇರಿಸಿ ಉಂಡೆ ಕಟ್ಟಿ ತಿನ್ನಿಸುವ ಫೋಟೋ ಬರುತ್ತದೆ. ವೈದ್ಯರು ಜೊತೆಗಿರುತ್ತಾರೆ. ವಿಮೆ ಮಾಡಿಸುತ್ತಾರೆ. ಇದೆಲ್ಲ ಸರಿಯೇ. 750 ಕೆ.ಜಿ.ಯ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪದ ತನಕ ಸುಮಾರು 5 ಕಿ.ಮೀ. ನಡೆಯುವ ಪ್ರಾಣಿಗೆ ಹೊಟ್ಟೆ ತುಂಬ ಹಾಕಲೇಬೇಕು. ಆನೆಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ.

ಆದರೆ ಅದೇ ದಾರಿಯಲ್ಲಿ ಆನೆಯ ಮುಂದೆ ಕುಣಿಯುತ್ತ ಹೋಗುವವರಿದ್ದಾರೆ. ಡೊಳ್ಳಿನವರು, ವೀರಗಾಸೆಯವರು, ಪೂಜಾ ಕುಣಿತದವರು, ಪಟ ಕುಣಿತದವರು, ಕಂಸಾಳೆಯವರು, ತಮಟೆಯವರು. ಡೊಳ್ಳು ಕಟ್ಟಿಕೊಂಡು ನೆಗೆಯುವವನ ತೂಕವನ್ನು ಯಾವ ಪತ್ರಿಕೆಯಾದರೂ ಬರೆದದ್ದನ್ನು ನಾವು ನೋಡಿಲ್ಲ. ಅವನು ಬೆಳಿಗ್ಗೆ ಏನು ತಿಂದ, ರಾತ್ರಿ ಎಲ್ಲಿ ಮಲಗಿದ್ದ, ಅವನ ಮೈಯಲ್ಲಿ ರಕ್ತ ಎಷ್ಟಿದೆ, ಅವನ ಮನಸ್ಸಿಗೆ ನೆಮ್ಮದಿ ಇದೆಯೊ ಇಲ್ಲವೊ, ಇವು ಸುದ್ದಿಯಲ್ಲ. ಮಾರನೆ ದಿನ ಒಂದೇ ಸಾಲು ಬರುತ್ತದೆ: ಜಾನಪದ ಕಲಾತಂಡಗಳು ಮೆರವಣಿಗೆಗೆ ಮೆರುಗು ಕೊಟ್ಟವು. ಮೆರುಗು! ಹಿತ್ತಾಳೆ ಚೊಂಬಿಗೆ ಹುಣಿಸೆಹಣ್ಣು ಹಚ್ಚಿ ತಿಕ್ಕಿದರೆ ಮೆರುಗು ಬರುತ್ತದೆ. ತಿಕ್ಕಿದ ಮೇಲೆ ಹುಣಿಸೆಹಣ್ಣನ್ನು ಬಚ್ಚಲಿಗೆ ಎಸೆಯುತ್ತಾರೆ.

ಪತ್ರಿಕೆಯವರ ಮೇಲೆ ದೂರು ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ನಮ್ಮ ತಕರಾರು ವಿಮರ್ಶೆಯ ಜೊತೆ. ಕನ್ನಡದಲ್ಲಿ ಕುಣಿತದ ಬಗ್ಗೆ ಬರೆಯುವವರು ಹೆಚ್ಚಾಗಿ ಎರಡು ಬಗೆ. ಒಬ್ಬರು ಸಭಾಂಗಣದ ಮುಂದಿನ ಸಾಲಿನಲ್ಲಿ ಕೂತು ರಸ, ಭಾವ, ಅಡವು, ಅಂಗಶುದ್ಧಿ ಅಂತ ಬರೆಯುವವರು. ಇನ್ನೊಬ್ಬರು ಕ್ಯಾಮೆರಾ ಹಿಡಿದು ಹಳ್ಳಿಗೆ ಬಂದು ಮೂಲ, ಸೊಗಡು, ಆಚರಣೆ ಅಂತ ಬರೆಯುವವರು. ಇಬ್ಬರಿಗೂ ಕಾಲು ಕಾಣುತ್ತದೆ, ಕೈ ಕಾಣುತ್ತದೆ, ಕಣ್ಣು ಕಾಣುತ್ತದೆ. ಕಾಲು ಕೈ ಕಣ್ಣಿಗೆ ಜೀವ ಕೊಡುವ ಹೊಟ್ಟೆ ಮಾತ್ರ ಕಾಣುವುದಿಲ್ಲ. ನಮ್ಮ ಕಾವ್ಯಮೀಮಾಂಸೆ ನೋಡುವವನನ್ನು ಸಹೃದಯ ಎಂದು ಕರೆಯಿತು. ಹೃದಯದ ವಿಚಾರ ಆಯಿತು. ಕುಣಿಯುವವನ ಹೊಟ್ಟೆಯ ವಿಚಾರ ಯಾವ ಮೀಮಾಂಸೆಗೆ ಸೇರುತ್ತದೆ?

ಒಂದು ಉದಾಹರಣೆ ಕೊಡುತ್ತೇವೆ. ಎರಡು ವರ್ಷದ ಹಿಂದೆ ಒಂದು ಜಿಲ್ಲಾ ಉತ್ಸವಕ್ಕೆ ನಮ್ಮೂರ ಕಡೆಯ ಪೂಜಾ ಕುಣಿತದ ತಂಡ ಹೋಗಿತ್ತು. ತಂಡದಲ್ಲಿ ನಮ್ಮ ಜೊತೆ ಹೈಸ್ಕೂಲಿನಲ್ಲಿ ಓದಿದವನೊಬ್ಬ ಇದ್ದ, ಹಾಗಾಗಿ ನಾವೂ ಟೆಂಪೋ ಹತ್ತಿದೆವು. ಹೊರಟದ್ದು ಬೆಳಗಿನ ಜಾವ ನಾಲ್ಕಕ್ಕೆ. ಮೆರವಣಿಗೆ ಹನ್ನೊಂದಕ್ಕೆ ಅಂದಿದ್ದರು. ಮಂತ್ರಿಗಳು ಬಂದದ್ದು ಎರಡೂವರೆಗೆ. ನಡುವೆ ಸಿಕ್ಕಿದ್ದು ಒಂದು ಬನ್ನು, ಒಂದು ಲೋಟ ಟೀ. ಊಟದ ಕೂಪನ್ ಕೇಳಿದರೆ ಗುಮಾಸ್ತ ‘ಪ್ರೋಗ್ರಾಮ್ ಮುಗೀಲಿ ಇರ್ರಿ, ಈಗ್ಲೇ ಕೊಟ್ರೆ ಉಂಡು ಮಲಗ್ತೀರ’ ಅಂದ. ತಂಡದವರು ಬಿದಿರಿನ ಪೂಜೆಯನ್ನು ತಲೆಯ ಮೇಲೆ ನಿಲ್ಲಿಸಿಕೊಂಡು, ಕೈ ಬಿಟ್ಟು, ಟಾರು ರಸ್ತೆಯ ಮೇಲೆ ಬರಿಗಾಲಲ್ಲಿ ಕುಣಿದರು. ಸಂಜೆ ವೇದಿಕೆಯ ಮೇಲೆ ಇನ್ನೊಮ್ಮೆ ಕುಣಿದರು. ಆಮೇಲೆ ಉತ್ಸವದ ಬಗ್ಗೆ ಒಬ್ಬರು ವಿಮರ್ಶೆ ಬರೆದರು. ಶುರುವಿನಲ್ಲಿ ಲವಲವಿಕೆ ಇತ್ತಂತೆ, ಕೊನೆಗೆ ಲಯ ಸಡಿಲವಾಯಿತಂತೆ, ತಂಡಕ್ಕೆ ಇನ್ನೂ ಸಾಧನೆ ಬೇಕಂತೆ.

ಲಯ ಸಡಿಲವಾದದ್ದು ನಿಜ. ನಾವೂ ಕಂಡೆವು. ವಿಮರ್ಶಕರು ಸುಳ್ಳು ಬರೆಯಲಿಲ್ಲ, ಅವರಿಗೆ ಅದನ್ನು ಓದಲು ಬರಲಿಲ್ಲ ಅಷ್ಟೆ. ಪದ್ಯದ ಸಾಲಿನಲ್ಲಿ ಯತಿ ತಪ್ಪಿದರೆ ಕವಿಯ ಒಳಗುದಿಯನ್ನು ಹುಡುಕಿ ಪುಟಗಟ್ಟಲೆ ಬರೆಯುವವರು ನಾವು. ವೀಣೆಯ ತಂತಿ ಸರಿಯಿಲ್ಲದಿದ್ದರೆ ಸಂಗೀತ ವಿಮರ್ಶಕ ಅದನ್ನು ಹೇಳುತ್ತಾನೆ. ಕುಣಿತದ ತಂತಿ ಮೈ. ಆ ಮೈಗೆ ಹನ್ನೆರಡು ಗಂಟೆ ಕಾಲ ಅನ್ನ ಬಿದ್ದಿಲ್ಲ ಅಂದಮೇಲೆ ಮಂಡಿ ಹೇಗೆ ಬಗ್ಗಬೇಕು, ಹೆಜ್ಜೆ ಹೇಗೆ ಏಳಬೇಕು? ಹಸಿವು ಕೃತಿಯ ಹೊರಗಿನ ಸಂಗತಿ, ಅದು ಸಮಾಜಶಾಸ್ತ್ರಕ್ಕೆ ಸೇರಿದ್ದು ಅನ್ನುವವರಿದ್ದಾರೆ. ಆವತ್ತು ಸಂಜೆ ಹಸಿವು ವೇದಿಕೆಯ ಮೇಲೆ ಎಲ್ಲರ ಕಣ್ಣೆದುರು ಕುಣಿಯುತ್ತಿತ್ತು. ಕೃತಿನಿಷ್ಠರಾಗಿದ್ದರೆ ಅದನ್ನು ಮೊದಲು ನೋಡಬೇಕಾದವರು ಅವರೇ.

ನಮ್ಮಪ್ಪ ತಮಟೆ ಬಾರಿಸುತ್ತಿದ್ದ. ಬಾರಿಸುತ್ತ ಕುಣಿಯುತ್ತಿದ್ದ. ಊರಲ್ಲಿ ಸಾವಾದರೂ ಅವನೇ ಬೇಕು, ಮಾರಿಹಬ್ಬಕ್ಕೂ ಅವನೇ ಬೇಕು. ಹಬ್ಬದ ದಿನ ಮೇಲುಕೇರಿಯಿಂದ ಮೊದಲು ಬರುತ್ತಿದ್ದದ್ದು ಅನ್ನವಲ್ಲ, ಕುಡಿಯುವುದು. ಸಾರಾಯಿ 2007ರಲ್ಲಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ಟು ಬಂತು. ‘ಕುಡ್ಕೊಳ್ಲಾ, ಕೈ ಓಡ್ತದೆ’ ಅನ್ನುತ್ತಿದ್ದರು. ಖಾಲಿ ಹೊಟ್ಟೆಗೆ ಅದು ಬೀಳುತ್ತಿತ್ತು. ಕೈ ಓಡುತ್ತಿತ್ತು. ಬೆಳಗಾದ ಮೇಲೆ ಅದೇ ಜನ ‘ಈ ಕೇರಿಯೋರು ಬರೀ ಕುಡುಕ್ರು’ ಅನ್ನುತ್ತಿದ್ದರು. ಅವ್ವ ಮುದ್ದೆ ಮುಚ್ಚಿಟ್ಟುಕೊಂಡು ರಾತ್ರಿಯೆಲ್ಲ ಕೂತಿರುತ್ತಿದ್ದಳು. ನಾವು ಕಾಲೇಜಿಗೆ ಸೇರಿದ ವರ್ಷ, ನಾಲ್ಕಕ್ಷರ ಕಲಿತ ಜೋರಿನಲ್ಲಿ, ಅಪ್ಪನನ್ನು ಕೇಳಿಬಿಟ್ಟೆವು: ಯಾಕೆ ಕುಡೀತೀಯ? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಕುಡೀದೆ ಅವರ ಮುಂದೆ ಕುಣಿಯಾಕೆ ನಾಚ್ಕೆ ಆಯ್ತದೆ ಮಗ.’

ಮಾನಸಿಕ ಆರೋಗ್ಯ ಅಂದರೆ ಏನು ಅಂತ ಆಮೇಲೆ ಪುಸ್ತಕಗಳಲ್ಲಿ ಓದಿದ್ದೇವೆ. ಅಪ್ಪನ ಆ ಒಂದು ಮಾತಿಗಿಂತ ಹೆಚ್ಚಿನದೇನೂ ನಮಗೆ ತಿಳಿಯಲಿಲ್ಲ. ಆ ನಾಚಿಕೆಯನ್ನು ಯಾವ ಡಾಕ್ಟರ ಹತ್ತಿರ ತೋರಿಸಬೇಕಿತ್ತು? ಈಗ ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ. 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನಕ್ಕೆ 8 ಗಂಟೆ ವರ್ಷಗಟ್ಟಲೆ ದುಡಿದರೆ ಕಿವಿ ಕೆಡುತ್ತದೆ ಅಂತ ವೈದ್ಯರು ಹೇಳುತ್ತಾರೆ. ಕಾರ್ಖಾನೆಯಲ್ಲಾದರೆ ಕಿವಿಗೆ ಮುಚ್ಚಳ ಕೊಡಿ ಅಂತ ಕೇಳುವುದಕ್ಕೆ ಒಂದು ಕಾನೂನಿದೆ. ತಮಟೆಯವನಿಗೆ ಯಾವ ಕಾನೂನಿದೆ?

ತಮಟೆ ಬಿಸಾಕಿ ಅಂದವರು ನಮ್ಮ ಹಿರಿಯರು. ಹೆಣದ ಮುಂದೆ ಬಾರಿಸುವ ಚಾಕರಿ ಬೇಡ ಅಂದದ್ದು ಸರಿಯಾಗಿತ್ತು. ಅದೇ ತಮಟೆಯನ್ನು ಹೋರಾಟದ ಮೆರವಣಿಗೆಯ ಮುಂದಿಟ್ಟವರೂ ನಮ್ಮ ಹಿರಿಯರೇ. ಅದೂ ಸರಿಯಾಗಿತ್ತು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕೇರಿಗಳಲ್ಲಿ ಖುಷಿಯಾಯಿತು. ಬಿಡಬೇಕೊ ಹಿಡಿಯಬೇಕೊ ಎಂಬ ಆ ದೊಡ್ಡ ಚರ್ಚೆಯಲ್ಲಿ ಚರ್ಮ ಬಂತು, ಜಾತಿ ಬಂತು, ಸಂಸ್ಕೃತಿ ಬಂತು. ಬಾರಿಸುವವನ ಕಿವಿ, ಲಿವರು, ನಿದ್ದೆ ಬರಲಿಲ್ಲ.

ತುಳುನಾಡಿನ ಭೂತಕೋಲವನ್ನೇ ನೋಡಿ. ನಲಿಕೆ, ಪರವ, ಪಂಬದ ಜಾತಿಯ ಜನ ದೈವ ಕಟ್ಟುತ್ತಾರೆ. ದೀಪಾವಳಿಯ ಆಚೀಚೆಯಿಂದ ಮೇ ಕೊನೆಯ ಪತ್ತನಾಜೆಯ ತನಕ ರಾತ್ರಿಗಳೆಲ್ಲ ಅವರದ್ದು. ಕಾಲಿಗೆ ಗಗ್ಗರ, ಬೆನ್ನಿಗೆ ಅಣಿ, ಸುತ್ತ ಬೆಂಕಿಯ ಕಾವು. ದೈವ ಮೈಮೇಲೆ ಇರುವಷ್ಟು ಹೊತ್ತು ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆ, ನುಡಿ ಕೇಳುತ್ತಾನೆ. ಅಣಿ ಇಳಿಸಿದ ಮೇಲೆ ಎಷ್ಟೋ ಕಡೆ ಅದೇ ಮನುಷ್ಯನ ಜಾಗ ಅಂಗಳದಲ್ಲೇ, ಜಗಲಿಯ ಕೆಳಗೇ. ರಾತ್ರಿ ದೇವರು, ಬೆಳಿಗ್ಗೆ ಹೊರಗಿನವನು. ಒಬ್ಬ ಮನುಷ್ಯ ಹೀಗೆ ವರ್ಷಕ್ಕೆ ಆರು ತಿಂಗಳು ಎರಡು ತುಂಡಾಗಿ ಬದುಕಿದರೆ ಅವನ ಒಳಗೆ ಏನಾಗುತ್ತದೆ? ಭೂತಾರಾಧನೆಯ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ಪಾಡ್ದನ, ಬಣ್ಣ, ಅಣಿಯ ವಿನ್ಯಾಸ ಎಲ್ಲ ಇದೆ. ಈ ಪ್ರಶ್ನೆಗೆ ನಾಲ್ಕು ಪುಟವನ್ನು ಹುಡುಕುವುದು ಕಷ್ಟ.

‘ಕಾಂತಾರ’ ಸಿನಿಮಾ 2022ರ ಸೆಪ್ಟೆಂಬರ್ ಕೊನೆಯಲ್ಲಿ ಬಂತು. ಕೋಟಿ ಕೋಟಿ ದುಡಿಯಿತು. ಅಕ್ಟೋಬರಿನಲ್ಲಿ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಕೊಡುವುದಾಗಿ ಘೋಷಿಸಿತು. ಬೇಡ ಅನ್ನುವುದಿಲ್ಲ, ಬಂದದ್ದು ಬರಲಿ. ಆದರೆ ಒಂದು ಲೆಕ್ಕ ಕೇಳುತ್ತೇವೆ. ಮಂಡಿ ಸವೆಯುವುದು 60ರ ಮೇಲಲ್ಲ. ನಿದ್ದೆಗೆಟ್ಟು ರಕ್ತದೊತ್ತಡ ಏರುವುದು ಮೂವತ್ತು ನಲವತ್ತರಲ್ಲಿ. ಮೈ ಮುರಿಯುವ ಕಾಲಕ್ಕೆ ಏನೂ ಇಲ್ಲ, ಮುರಿದ ಮೇಲೆ 2000. ಇದು ದುಡಿಯುವ ಎತ್ತನ್ನು ನೋಡುವ ಕಣ್ಣು ಕೂಡ ಅಲ್ಲ. ರೈತ ಎತ್ತಿಗೆ ಉಳುವ ಮೊದಲೇ ಹುರುಳಿ ಇಡುತ್ತಾನೆ.

ಈಗ ಆ ಕಡೆಯ ಸಭಾಂಗಣಕ್ಕೆ ಬರೋಣ. ಅಲ್ಲಿ ಅನ್ನಕ್ಕೆ ಬರವಿಲ್ಲ ಅಂದುಕೊಳ್ಳುತ್ತೇವೆ. ಅಲ್ಲಿಯೂ ಹಸಿವಿದೆ. ಅದರ ಬೇರು ಹಳೆಯದು. ‘ಅಭಿನಯದರ್ಪಣ’ ನಾಟ್ಯಕ್ಕೆ ಯೋಗ್ಯಳಾದವಳು ತೆಳುಮೈಯವಳು, ಚೆಲುವೆ, ಹರೆಯದವಳು ಆಗಿರಬೇಕು ಅನ್ನುತ್ತದೆ. ತೀರ ದಪ್ಪ, ತೀರ ಸಣ್ಣ, ತೀರ ಎತ್ತರ, ದಪ್ಪ ತುಟಿ, ಜೋತ ಮೊಲೆ, ಗೂನು ಬೆನ್ನು ಎಂದು ಪಟ್ಟಿ ಮಾಡಿ ಹತ್ತು ಬಗೆಯ ಹೆಂಗಸರನ್ನು ನಾಟ್ಯಕ್ಕೆ ವರ್ಜ್ಯ ಅನ್ನುತ್ತದೆ. ಸಂತೆಯಲ್ಲಿ ದನ ಕೊಳ್ಳುವವನೂ ಇಷ್ಟು ಮುಟ್ಟಿ ನೋಡುವುದಿಲ್ಲ. 1930ರ ದಶಕದಲ್ಲಿ ಮದರಾಸಿನಲ್ಲಿ ಸದಿರ್ ಹೋಗಿ ಭರತನಾಟ್ಯವಾಯಿತು. 1947ರಲ್ಲಿ ದೇವದಾಸಿ ಬಿಡುವುದನ್ನು ತಡೆಯುವ ಕಾನೂನು ಅಲ್ಲಿ ಬಂತು. ನಮ್ಮಲ್ಲಿ ಅಂಥ ಕಾನೂನು ಬಂದದ್ದು 1982ರಲ್ಲಿ. ಆ ಪದ್ಧತಿ ಹೋಗಬೇಕಿತ್ತು, ಅದಕ್ಕಾಗಿ ಒಂದು ಹನಿ ಕಣ್ಣೀರನ್ನೂ ನಾವು ಹಾಕುವುದಿಲ್ಲ; ದೇವಿಯ ಹೆಸರಲ್ಲಿ ಬಿಡುತ್ತಿದ್ದದ್ದು ಹೆಚ್ಚಾಗಿ ನಮ್ಮ ಕೇರಿಯ ಹೆಣ್ಣುಮಕ್ಕಳನ್ನೇ. ಆದರೆ ಮದರಾಸಿನಲ್ಲಿ ನೃತ್ಯವನ್ನು ಉಳಿಸಿಕೊಂಡರು, ಅದನ್ನು ತಲೆಮಾರುಗಳಿಂದ ಮೈಯಲ್ಲಿ ಹೊತ್ತ ಹೆಂಗಸರ ಹೊಟ್ಟೆಪಾಡನ್ನು ಯಾರೂ ಕೇಳಲಿಲ್ಲ. ಮೈಸೂರು ಶೈಲಿಯನ್ನು ನಮ್ಮ ಕಾಲದ ತನಕ ತಂದ ವೆಂಕಟಲಕ್ಷಮ್ಮನವರು ಕಡೂರು ಕಡೆಯ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಲಂಬಾಣಿ ಹೆಣ್ಣುಮಗಳು. 1992ರಲ್ಲಿ ಪದ್ಮಭೂಷಣ ಪಡೆದರು. ಶಾಸ್ತ್ರೀಯ ಎನ್ನುವುದು ಮೇಲಿನಿಂದಲೇ ಇಳಿದದ್ದು ಅನ್ನುವವರು ಈ ಹೆಸರನ್ನು ನೆನಪಿಡಬೇಕು.

ನಮ್ಮ ಜೊತೆ ಬಿ.ಎ. ಓದಿದ ಒಬ್ಬ ಗೆಳತಿ ಹಾಸ್ಟೆಲಿನಲ್ಲಿದ್ದುಕೊಂಡು ಭರತನಾಟ್ಯ ಕಲಿಯಲು ಹೋದಳು. ಅವರಪ್ಪ ಗಾರೆ ಕೆಲಸದವರು. ತರಗತಿಯಲ್ಲಿ ಅವಳ ಬಣ್ಣದ ಬಗ್ಗೆ ನಕ್ಕರು, ಸೊಂಟದ ಬಗ್ಗೆ ಮಾತಾಡಿದರು. ‘ಮುದ್ದೆ ತಿಂದ ಮೈ’ ಅಂದರು. ಅವಳು ಮುದ್ದೆ ಬಿಟ್ಟಳು. ಆಮೇಲೆ ಮೊಟ್ಟೆ, ಮಾಂಸ ತಿಂದರೆ ಮೈ ವಾಸನೆ ಅನ್ನುತ್ತಾರೆ ಅಂತ ಅದನ್ನೂ ಬಿಟ್ಟಳು. ಹಾಸ್ಟೆಲಿನ ತಿಳಿಸಾರು, ಅರ್ಧ ಚಪಾತಿ, ದಿನಕ್ಕೆ ಮೂರು ಗಂಟೆ ಅಭ್ಯಾಸ. ಆರು ತಿಂಗಳು ಮುಟ್ಟು ನಿಂತುಹೋಯಿತು. ಕೊನೆಗೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆ ಬಿರುಕು. ಡಾಕ್ಟರು ಕೇಳಿದ ಮೇಲೆ ನಮಗೆ ಗೊತ್ತಾದದ್ದು. ತಿನ್ನುವುದಕ್ಕಿಂತ ಮೈ ದುಡಿಯುವುದು ಹೆಚ್ಚಾದಾಗ ಮೂಳೆ, ಮುಟ್ಟು, ಹೃದಯ, ಮನಸ್ಸು ಎಲ್ಲವೂ ಒಟ್ಟಿಗೆ ಕೆಡುತ್ತವೆ ಅಂತ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವೈದ್ಯರು 2014ರಲ್ಲಿ ಒಂದು ಹೆಸರೇ ಇಟ್ಟು ಹೇಳಿದರು. ಅದು ಓಟಗಾರರಿಗೆ ಎಷ್ಟು ನಿಜವೊ ಕುಣಿಯುವವರಿಗೂ ಅಷ್ಟೇ ನಿಜ. ನಮ್ಮ ಗೆಳತಿಗೆ ಮಾತ್ರ ಆ ಹೆಸರನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಕನ್ನಡಿಯ ಮುಂದೆ ನಿಂತು ತನ್ನ ಮೈಯನ್ನು ತಾನೇ ಬೈದುಕೊಳ್ಳುತ್ತಿದ್ದಳು.

1936ರಲ್ಲಿ ಹುಟ್ಟಿದ, ದೇಶಕ್ಕೇ ದೊಡ್ಡದೆನಿಸಿಕೊಂಡ ಚೆನ್ನೈನ ಕಲಾಕ್ಷೇತ್ರದಲ್ಲಿ 2023ರ ಮಾರ್ಚಿನಲ್ಲಿ ವಿದ್ಯಾರ್ಥಿಗಳು ಲೈಂಗಿಕ ಕಿರುಕುಳದ ದೂರು ಹೇಳಿ ಧರಣಿ ಕೂತರು. ಗುರುವಿನ ಮುಂದೆ ತಲೆ ಎತ್ತಬಾರದು ಅಂತ ಕಲಿತ ಮಕ್ಕಳು ಬೀದಿಗೆ ಕೇಳುವ ಹಾಗೆ ಕೂಗಬೇಕಾದರೆ ಎಷ್ಟು ದಿನ ನುಂಗಿಕೊಂಡಿರಬೇಕು? ಗುರುಭಕ್ತಿ ಎನ್ನುವುದನ್ನು ನಮ್ಮ ನೃತ್ಯ ವಿಮರ್ಶೆ ಒಂದು ಮೌಲ್ಯವಾಗಿ ಹೊಗಳುತ್ತ ಬಂದಿದೆ. ಯಾರ ಬಾಯಿ ಮುಚ್ಚಿಸುವುದಕ್ಕೆ ಅದು ಬಳಕೆಯಾಗುತ್ತಿದೆ ಅಂತಲೂ ಕೇಳಬೇಕಾಗಿದೆ.

ಹಾಗಾದರೆ ಎರಡು ಹಸಿವು ಒಂದೇಯೆ? ಅಲ್ಲ. ಹೊಟ್ಟೆಗಿಲ್ಲದೆ ಕುಣಿಯುವವನಿಗೂ ಹೊಟ್ಟೆ ಕಟ್ಟಿ ಕುಣಿಯುವವಳಿಗೂ ವ್ಯತ್ಯಾಸ ಇದೆ. ಆ ವ್ಯತ್ಯಾಸವನ್ನು ಅಳಿಸಿದರೆ ನಾವು ಸುಳ್ಳರಾಗುತ್ತೇವೆ. ಒಂದು ಜಾತಿ ಮತ್ತು ಕೂಲಿಯ ಹಸಿವು, ಇನ್ನೊಂದು ಕನ್ನಡಿಯ ಹಸಿವು. ನಮ್ಮ ಗೆಳತಿಗೆ ಎರಡೂ ಒಟ್ಟಿಗೆ ಬಂದವು. ಆದರೆ ಎರಡನ್ನೂ ಮುಚ್ಚಿಡುವ ಸೌಂದರ್ಯದ ಕಲ್ಪನೆ ಒಂದೇ. ಅದಕ್ಕೆ ಬೇಕಾದದ್ದು ಉಣ್ಣದ, ಉಚ್ಚೆ ಹೊಯ್ಯದ, ಮುಟ್ಟಾಗದ, ದಣಿಯದ, ಅಳದ ಒಂದು ಮೈ. ಅಂಥ ಮೈ ಭೂಮಿಯ ಮೇಲಿಲ್ಲ.

ಕುಣಿತ ಬರೀ ಹಿಂಸೆ ಅಂತ ನಾವು ಹೇಳುತ್ತಿಲ್ಲ. ಕುಣಿತ ಮದ್ದೂ ಹೌದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’ ಓದಿದವರಿಗೆ ಇದು ಗೊತ್ತು. ಮನೆಯಿಂದ ದೂರಾಗಿ, ಬದುಕೇ ಬೇಡ ಅನ್ನುವ ತನಕ ಹೋಗಿ, ಭಿಕ್ಷೆ ಬೇಡಿ, ಕೊನೆಗೆ ಕಾಳವ್ವ ಜೋಗತಿಯವರ ಹತ್ತಿರ ಜೋಗತಿ ನೃತ್ಯ ಕಲಿತು ನಿಂತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಈ ಕಥೆಯನ್ನು ವೇದಿಕೆಗಳಲ್ಲಿ ‘ಕಲೆ ಎಲ್ಲವನ್ನೂ ಗೆಲ್ಲುತ್ತದೆ’ ಅಂತ ಹೇಳಿ ಚಪ್ಪಾಳೆ ಹೊಡೆಸುತ್ತಾರೆ. ನಾವು ಕೇಳುವುದು, ಗೆಲ್ಲದೆ ಹೋದವರೆಷ್ಟು ಮಂದಿ? ಬದುಕು ಬೇಡ ಅನ್ನಿಸಿದ ಆ ದಿನ ಕೈ ಹಿಡಿಯಲು ಯಾರಿದ್ದರು? ಇದೇ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಮದ್ದು ಕೊಡಬಹುದು ಅಂತ ಮಾಡಿ ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಮದ್ದು ನಮ್ಮ ಊರಲ್ಲೇ ಹುಟ್ಟಿತು. ಕುಣಿಯುವವರ ಬಿಡಾರದ ಬಾಗಿಲಿಗೆ ಬರಲು ಅದಕ್ಕೆ ದಾರಿ ಸಿಕ್ಕಿಲ್ಲ.

ಇಷ್ಟೆಲ್ಲ ಬೇರೆಯವರ ಮೇಲೆ ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಹೋದ ವರ್ಷ ಒಂದು ತಾಲ್ಲೂಕು ಊರಿನಲ್ಲಿ ನಾವು ಗೆಳೆಯರೇ ಸೇರಿ ಕವಿಗೋಷ್ಠಿ ಮಾಡಿದೆವು. ತಮಟೆಯ ತಂಡ ಕರೆಸಿದೆವು. ಒಂಬತ್ತು ಜನ, ಇಬ್ಬರು ಹೆಣ್ಣುಮಕ್ಕಳು. ಬಸ್ ನಿಲ್ದಾಣದಿಂದ ಸಭಾಭವನದ ತನಕ ಅವರು ಕುಣಿದುಕೊಂಡು ಬಂದರು. ನಾವು ಹಿಂದೆ ಘೋಷಣೆ ಕೂಗುತ್ತ ಬಂದೆವು. ಆಮೇಲೆ ನಾವು ವೇದಿಕೆ ಹತ್ತಿದೆವು, ಹಸಿವಿನ ಬಗ್ಗೆ ಪದ್ಯ ಓದಿದೆವು. ಮೂರು ಗಂಟೆಯ ಹೊತ್ತಿಗೆ ಹೊರಗೆ ಗದ್ದಲ. ತಂಡದಲ್ಲಿದ್ದ ಹದಿನೇಳರ ಹುಡುಗ ತಲೆ ತಿರುಗಿ ಬಿದ್ದಿದ್ದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ನೀರನ್ನೂ ಕುಡಿದಿರಲಿಲ್ಲ, ಯಾಕೆಂದರೆ ಅಲ್ಲಿ ಹೆಂಗಸರಿಗೆ ಪಾಯಿಖಾನೆ ಇರಲಿಲ್ಲ. ಕವಿಗಳಿಗೆ ಹನ್ನೆರಡಕ್ಕೇ ಉಪ್ಪಿಟ್ಟು ಬಂದಿತ್ತು. ಹುಡುಗನಿಗೆ ಸಕ್ಕರೆ ನೀರು ಕುಡಿಸಿ ಎಬ್ಬಿಸಿದ ಅವನ ಮಾವ ನಮ್ಮನ್ನು ನೋಡಿ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಅಪ್ಪನಿಗೆ ಮೇಲುಕೇರಿಯವರು ಮಾಡಿದ್ದನ್ನೇ ನಾವು ಬ್ಯಾನರ್ ಕಟ್ಟಿ ಮಾಡಿದ್ದೆವು.

ಕೆಲವು ಗೆಳೆಯರು ಅನ್ನಬಹುದು, ಪೌಷ್ಟಿಕ ಆಹಾರ, ಮಾನಸಿಕ ಆರೋಗ್ಯ ಅನ್ನುವುದೆಲ್ಲ ಆಸ್ಪತ್ರೆ ಗೋಡೆಯ ಪೋಸ್ಟರಿನ ಮಾತು, ಸುಧಾರಣಾವಾದ. ವ್ಯವಸ್ಥೆ ಬದಲಾದರೆ ಇದೆಲ್ಲ ತಾನಾಗಿ ಸರಿಯಾಗುತ್ತದೆ. ವ್ಯವಸ್ಥೆ ಬದಲಾಗಬೇಕು, ಒಪ್ಪುತ್ತೇವೆ. ಆ ಹುಡುಗನಿಗೆ ಒಂಬತ್ತು ಗಂಟೆಗೆ ತಿಂಡಿ ಕೊಡಲು ಯಾವ ವ್ಯವಸ್ಥೆ ಅಡ್ಡ ಬಂದಿತ್ತು? 2019–21ರ ರಾಷ್ಟ್ರ ಮಟ್ಟದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ. ಕುಣಿಯುವ ಹೆಣ್ಣುಮಕ್ಕಳು ಈ ಲೆಕ್ಕದ ಹೊರಗಿಲ್ಲ. ಅಂಥವರಿಗೆ ನಾವು ಕೊಡುವುದು ಬನ್ನು, ಟೀ. ಊಟದ ಜೊತೆ ಟೀ ಕುಡಿದರೆ ಅನ್ನದಲ್ಲಿರುವ ಅಷ್ಟಿಷ್ಟು ಕಬ್ಬಿಣವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಮ್ಮ ಮುದ್ದೆಯಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶ ಇದೆ. ಸೊಪ್ಪು, ಹುರುಳಿ, ಕಡಲೆಕಾಯಿ, ಮೊಟ್ಟೆ, ಮಾಂಸ ನಮ್ಮದೇ ಅಡುಗೆ. ಯಾವುದನ್ನು ಕೀಳು ಅಂತ ನಗುತ್ತಾರೊ ಅದೇ ಕುಣಿಯುವ ಮೈಗೆ ಬೇಕಾದದ್ದು.

ಆದ್ದರಿಂದ ಕೆಲವು ಮಾತು. ಹೋರಾಟಗಾರರು, ಊರಿನ ಮೇಷ್ಟ್ರುಗಳು, ಹಾಸ್ಟೆಲಿನ ಗೆಳೆಯರು ಇದನ್ನು ಇವತ್ತೇ ಶುರು ಮಾಡಬಹುದು. ತಂಡ ಕರೆಸಿದರೆ ಕುಣಿಯುವ ಎರಡು ಗಂಟೆ ಮುಂಚೆ ಊಟ, ಎಲ್ಲರ ಪಂಕ್ತಿಯಲ್ಲಿ, ಎಲ್ಲರಿಗಿಂತ ಮೊದಲು. ಕುಡಿಯುವ ನೀರು, ಹೆಂಗಸರಿಗೆ ಪಾಯಿಖಾನೆ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ. ಸಂಭಾವನೆ ಅದೇ ದಿನ, ಅವರ ಕೈಗೆ. ಹೆಂಡವನ್ನು ಕೂಲಿ ಅಂತ ಕೊಡುವವರನ್ನು ಅಲ್ಲೇ ತಡೆಯುವುದು. ಉತ್ಸವ ಮಾಡುವ ಇಲಾಖೆಯಿಂದ ಪ್ರತಿ ತಂಡಕ್ಕೆ ವಿಮೆ, ವರ್ಷಕ್ಕೊಮ್ಮೆ ರಕ್ತ, ಮಂಡಿ, ಕಿವಿಯ ತಪಾಸಣೆ. ಆನೆಗೆ ಆಗುವುದಾದರೆ ಮನುಷ್ಯನಿಗೂ ಆಗಬೇಕು. ನೃತ್ಯ ಶಾಲೆಗಳಲ್ಲಿ ಗುರುವಿನ ಮೇಲೂ ದೂರು ಕೊಡಬಲ್ಲ ಸಮಿತಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ, ಮನಸ್ಸಿನ ಮಾತು ಆಡಬಹುದು. ಆ ನಂಬರನ್ನು ತಮಟೆಯ ಬಳೆಯ ಮೇಲೆ ಬೇಕಾದರೂ ಬರೆದುಕೊಳ್ಳಿ.

ವಿಮರ್ಶೆ ಬರೆಯುವವರಿಗೆ ಕೇಳುವುದು ಇಷ್ಟೆ. ನಮ್ಮ ಕೇರಿಯಲ್ಲಿ ಯಾರು ಎದುರಾದರೂ ಮೊದಲು ಕೇಳುವುದು ‘ಉಂಡ್ಯಾ?’ ಅಂತ. ಆಮೇಲೆ ಮಿಕ್ಕ ಮಾತು. ಕುಣಿತ ನೋಡಿ ಬರೆಯಲು ಕೂರುವ ಮೊದಲು ಬಣ್ಣದ ಮನೆಗೆ ಹೋಗಿ ಆ ಒಂದು ಮಾತು ಕೇಳಿ. ಬಂದ ಉತ್ತರವನ್ನೂ ಬರೆಯಿರಿ. ಲಯದ ಬಗ್ಗೆ ಆಮೇಲೆ ಮಾತಾಡೋಣ. ನಾವಂತೂ ಮುಂದಿನ ಗೋಷ್ಠಿಗೆ ಆ ಒಂಬತ್ತು ಜನರನ್ನು ಮತ್ತೆ ಕರೆದಿದ್ದೇವೆ. ಬರುತ್ತೇವೆ ಅಂದಿದ್ದಾರೆ. ಅವತ್ತು ಮೊದಲು ಒಲೆ ಹತ್ತಬೇಕು, ತಮಟೆ ಕಾಯಿಸುವುದು ಆಮೇಲೆ.